ದಾವಣಗೆರೆಯಲ್ಲಿ ಗೆಳೆಯರೊಡನೆ ಒಂದು ನಿರಾಳ ಸಂಜೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಬ್ಬಕ್ಕೆಂದು ಊರಿಗೆ ಬರುವವರು, ಓದು ಮುಗಿದ ಮೇಲೂ ಇಲ್ಲಿಯೇ ನೆಲೆ ನಿಂತವರು, ವರ್ಗವಾಗಿ ಬಂದು ಇನ್ನೂ ಬೀದಿಗಳ ಗುರುತು ಹಿಡಿಯುತ್ತಿರುವವರು, ಇವರೆಲ್ಲ ಒಂದು ಸಂಜೆ ಕೂಡಬೇಕೆಂದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಹಲವು ವರ್ಷಗಳಿಂದ ನಮ್ಮ ಗೆಳೆಯರ ಗುಂಪಿನಲ್ಲಿ ಜಾಗ ಗೊತ್ತುಮಾಡುವ ಕೆಲಸ ನನ್ನ ಪಾಲಿಗೇ ಬಂದಿರುವುದರಿಂದ, ಆ ಪ್ರಶ್ನೆಗಳನ್ನೂ ನನಗೆ ತಿಳಿದ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನಿರಾಳವಾಗಿ ಕಳೆಯಬೇಕಾದ ಸಂಜೆಗೂ ಯೋಜನೆ ಬೇಕೇ?

ಬೇಕು, ಆದರೆ ಸ್ವಲ್ಪ ಮಾತ್ರ. ಏನನ್ನೂ ಗೊತ್ತುಮಾಡದೆ ಹೊರಟರೆ ಸಂಜೆ ತಾನಾಗಿಯೇ ಹಗುರವಾಗಿ ಸಾಗುತ್ತದೆ ಎಂಬುದು ಎಲ್ಲರೂ ಒಂದೇ ಹಾಸ್ಟೆಲಿನಲ್ಲಿ ಇದ್ದ ಕಾಲದ ನಂಬಿಕೆ. ಈಗ ಒಬ್ಬರು ಅಂಗಡಿಯ ಬಾಗಿಲು ಹಾಕಿ ಬರಬೇಕು, ಇನ್ನೊಬ್ಬರು ಮಗುವಿಗೆ ಊಟ ಮಾಡಿಸಿ ಬರಬೇಕು, ಮತ್ತೊಬ್ಬರು ಹರಿಹರದಿಂದ ಬಸ್ಸು ಹಿಡಿಯಬೇಕು. ಇಂಥವರೆಲ್ಲ ವೃತ್ತದಲ್ಲಿ ನಿಂತು "ಎಲ್ಲಿಗೆ ಹೋಗೋಣ?", "ನೀವು ಹೇಳಿದಲ್ಲಿಗೆ" ಎಂದು ಉಪಚಾರದ ಮಾತಾಡುತ್ತ ನಿಂತರೆ ಗಂಟೆ ಎಂಟಾಗುತ್ತದೆ, ಹಸಿವಿಗೆ ಸಿಟ್ಟು ಸೇರುತ್ತದೆ.

ನನ್ನ ರೂಢಿಯೆಂದರೆ, ಮೊದಲು ಸೇರುವ ಜಾಗ ಮತ್ತು ವೇಳೆ, ಕೊನೆಗೆ ಊಟಕ್ಕೆ ಕೂರುವ ಜಾಗ, ಇವೆರಡನ್ನು ಮಾತ್ರ ಹಿಂದಿನ ದಿನವೇ ಗಟ್ಟಿಮಾಡಿಕೊಳ್ಳುವುದು. ನಡುವಿನ ಎರಡು ಗಂಟೆಗಳನ್ನು ಸಡಿಲ ಬಿಡಬೇಕು. ಅದನ್ನೂ ನಿಮಿಷದ ಲೆಕ್ಕದಲ್ಲಿ ಬಿಗಿದರೆ ಗೆಳೆಯರು ಪ್ರವಾಸಿ ಬಸ್ಸಿನ ಪ್ರಯಾಣಿಕರಂತೆ ಆಗುತ್ತಾರೆ.

ಎಷ್ಟು ಜನರಿದ್ದರೆ ಚೆಂದ?

ನಾಲ್ಕರಿಂದ ಆರು. ಒಂದೇ ಮೇಜಿನ ಸುತ್ತ ಕೂರಬಹುದಾದಷ್ಟು, ಎರಡು ಆಟೊ ಅಥವಾ ಒಂದು ಕಾರು ಸಾಕಾಗುವಷ್ಟು ಜನ. ಎಂಟು ದಾಟಿದರೆ ಒಂದು ಗುಂಪು ಎರಡಾಗಿ ಒಡೆಯುತ್ತದೆ, ಮೇಜಿನ ಆ ತುದಿಯ ನಗು ಈ ತುದಿಗೆ ಅರ್ಥವಾಗುವುದಿಲ್ಲ. ಹಳೆಯ ತರಗತಿಯವರೆಲ್ಲ ಸೇರುವುದಾದರೆ ಅದು ಸಂಜೆಯ ತಿರುಗಾಟವಲ್ಲ, ಸಮಾರಂಭ. ಅದಕ್ಕೆ ಬೇರೆಯದೇ ಸಿದ್ಧತೆ ಬೇಕು.

ಸಂಜೆಯನ್ನು ಎಲ್ಲಿಂದ ಆರಂಭಿಸಬೇಕು?

ತಿನ್ನುವ ಜಾಗದಿಂದ ಬೇಡ. ನೀರಿನ ದಂಡೆಯಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಬೇಸಿಗೆಯ ಝಳಕ್ಕೆ ಹೆಸರಾದ ಈ ಊರಿಗೆ ಕೆರೆಗಳ ಭಾಗ್ಯವಂತೂ ಇದೆ. ಕುಂದವಾಡ ಕೆರೆ ಭದ್ರಾ ನಾಲೆಯ ನೀರು ತುಂಬಿಕೊಂಡು ನಗರಕ್ಕೆ ಕುಡಿಯುವ ನೀರು ಕೊಡುವ ಕೆರೆ. ಅದರ ಏರಿಯ ಮೇಲೆ ಸಂಜೆ ನಡೆಯುವವರ ಸಾಲೇ ಇರುತ್ತದೆ. ಅದೇ ಮಗ್ಗುಲಲ್ಲಿ ಗಾಜಿನ ಮನೆಯೂ ಇರುವುದರಿಂದ ಹೊರಗಿನಿಂದ ಬಂದವರಿಗೆ ತೋರಿಸಲು ಒಂದು ನೆಪವೂ ಸಿಗುತ್ತದೆ. ಗಾಜಿನ ಮನೆಯ ಒಳಗೆ ಹೋಗುವುದಾದರೆ ಬೆಳಕಿರುವಾಗಲೇ ಹೋಗಿ ಬನ್ನಿ, ಆಮೇಲೆ ಏರಿಗೆ ಬನ್ನಿ. ಟಿ.ವಿ. ಸ್ಟೇಷನ್ ಕೆರೆ ಕುಂದವಾಡಕ್ಕಿಂತ ಚಿಕ್ಕದು, ಅಷ್ಟೇ ಪರಿಚಿತವೂ ಅಲ್ಲ. ಹರಿಹರದ ಕಡೆಯ ದಾರಿಯಲ್ಲಿರುವ ಬಾತಿ ಕೆರೆ ಸ್ವಂತ ವಾಹನವಿದ್ದವರಿಗೆ ಒಳ್ಳೆಯದು.

ವೇಳೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ನವೆಂಬರ್ ಕೊನೆಯ ದಿನಗಳಲ್ಲಿ ನಮ್ಮಲ್ಲಿ ಸಂಜೆ 6 ಗಂಟೆಯಾಗುವ ಮೊದಲೇ ಸೂರ್ಯ ಮುಳುಗಿರುತ್ತಾನೆ. ಜೂನ್ ಕೊನೆ, ಜುಲೈ ಮೊದಲ ವಾರದಲ್ಲಿ 7 ಗಂಟೆಯ ಹೊತ್ತಿಗೆ ಮುಳುಗುತ್ತಾನೆ. ಈ ಒಂದು ಗಂಟೆಯ ವ್ಯತ್ಯಾಸವನ್ನು ಮರೆತು ವರ್ಷವಿಡೀ "ಆರೂವರೆಗೆ ಕೆರೆ ಹತ್ತಿರ ಸಿಗೋಣ" ಎನ್ನುವವರು ಚಳಿಗಾಲದಲ್ಲಿ ಕತ್ತಲನ್ನೂ ಸೊಳ್ಳೆಗಳನ್ನೂ ನೋಡಿ ಹಿಂತಿರುಗುತ್ತಾರೆ. ಚಳಿಗಾಲದಲ್ಲಿ ಐದು ಗಂಟೆಗೆ, ಬೇಸಿಗೆಯಲ್ಲಿ ಆರಕ್ಕೆ ಸೇರುವುದು ಸರಿ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಐದಕ್ಕೆ ಹೊರಟರೆ ಟಾರು ರಸ್ತೆಯ ಕಾವು ಇನ್ನೂ ಇಳಿದಿರುವುದಿಲ್ಲ.

ಬೆಣ್ಣೆದೋಸೆ ಮೊದಲೋ, ಕೊನೆಗೋ?

ಈ ಪ್ರಶ್ನೆ ಕೇಳದ ಅತಿಥಿಯನ್ನು ನಾನು ಕಂಡಿಲ್ಲ. ಬೆಂಗಳೂರಿನ ಬೀದಿಬೀದಿಗಳಲ್ಲಿ "ದಾವಣಗೆರೆ ಬೆಣ್ಣೆದೋಸೆ" ಎಂಬ ಫಲಕ ನೋಡಿದವರು ಇಲ್ಲಿಗೆ ಬಂದರೆ ಮೊದಲು ಅದನ್ನೇ ಕೇಳುವುದು ಸಹಜ. ನನ್ನ ಉತ್ತರ ಸ್ವಲ್ಪ ನಿರಾಸೆ ತರಬಹುದು: ದೋಸೆಯನ್ನು ಸಂಜೆಯ ಕೇಂದ್ರ ಮಾಡಿಕೊಳ್ಳಬೇಡಿ.

ಕಾರಣವಿದೆ. ದೋಸೆ ಹೋಟೆಲು ಕೂತು ಹರಟುವ ಜಾಗವಲ್ಲ. ಹೆಸರಾದ ಹೋಟೆಲುಗಳಲ್ಲಿ ಹಲವು ಇಂದಿಗೂ ಚಿಕ್ಕವು, ಅವುಗಳಲ್ಲಿ ಬಹಳಷ್ಟಕ್ಕೆ ಕೊಟ್ಟೂರೇಶ್ವರನ ಹೆಸರಿರುವುದರಿಂದ ಹೆಸರು ಹೇಳಿ ದಾರಿ ಕೇಳಿದರೆ "ಯಾವ ಕೊಟ್ಟೂರೇಶ್ವರ?" ಎಂಬ ಮರುಪ್ರಶ್ನೆ ಬರುತ್ತದೆ. ಒಳಗೆ ಮೇಜುಗಳು ಕೆಲವೇ, ಕಾಯುವವರು ನಿಮ್ಮ ಬೆನ್ನ ಹಿಂದೆಯೇ ನಿಂತಿರುತ್ತಾರೆ. ಅಕ್ಕಿ, ಉದ್ದಿನಬೇಳೆಯ ಜೊತೆಗೆ ಮಂಡಕ್ಕಿಯನ್ನೂ ನೆನೆಸಿ ರುಬ್ಬಿ ಹುಳಿಬರಿಸಿದ ಹಿಟ್ಟು, ಸೌದೆ ಒಲೆಯ ಮೇಲಿನ ದಪ್ಪ ಕಾವಲಿ, ಮೇಲೆ ಧಾರಾಳವಾಗಿ ಬೆಣ್ಣೆ: ಹೀಗೆ ಬಂದ ದೋಸೆ ಅಂಚಿನಲ್ಲಿ ಗರಿಗರಿಯಾಗಿ, ಒಳಗೆ ಮೆತ್ತಗೆ ಇರುವುದು ಐದು ನಿಮಿಷ ಮಾತ್ರ. ಮಾತಿಗೆ ಇಳಿದವನ ಎದುರಿನ ತಟ್ಟೆಯಲ್ಲಿ ಬೆಣ್ಣೆ ಹೆಪ್ಪುಗಟ್ಟುತ್ತದೆ. ಆದ್ದರಿಂದ ಅಲ್ಲಿ ಮೌನವಾಗಿ ತಿಂದು, ಕೈ ತೊಳೆದು, ಹೊರಬಂದು ಮಾತಾಡುವುದೇ ಮರ್ಯಾದೆ.

ಎರಡನೆಯ ಕಾರಣ ಹಿಟ್ಟಿನದು. ಆ ದಿನಕ್ಕೆಂದು ರುಬ್ಬಿಟ್ಟ ಹಿಟ್ಟು ಮುಗಿದರೆ ಮುಗಿಯಿತು. ಒಮ್ಮೆ ನಾವು ಹನ್ನೊಂದು ಜನ, ಕೆರೆಯ ಬಳಿ ಹೊತ್ತು ಕಳೆದು ರಾತ್ರಿ ಎಂಟೂವರೆಗೆ ಒಂದು ಹೋಟೆಲಿನ ಮುಂದೆ ಇಳಿದಾಗ, ಒಲೆಯ ಮುಂದಿದ್ದವರು ಖಾಲಿ ಪಾತ್ರೆಯನ್ನು ನಮ್ಮ ಕಡೆಗೆ ವಾಲಿಸಿ ತೋರಿಸಿದರು. ದೋಸೆಗೆಂದೇ ಮುಂಬಯಿಯಿಂದ ಬಂದಿದ್ದ ಗೆಳೆಯನ ಮುಖ ಇಂದಿಗೂ ಕಣ್ಣ ಮುಂದಿದೆ. ತಪ್ಪು ಹೋಟೆಲಿನವರದಲ್ಲ, ನನ್ನದು.

ಹಾಗಾಗಿ ದೋಸೆ ತಿನ್ನಲೇಬೇಕೆಂದಿದ್ದರೆ ಎರಡು ದಾರಿಗಳಿವೆ. ಹೊರಗಿನಿಂದ ಬಂದವರು ರಾತ್ರಿ ಉಳಿಯುವುದಾದರೆ ಮರುದಿನ ಬೆಳಿಗ್ಗೆಗೆ ಬಿಡಿ. ಬೆಳಗಿನ ಒಲೆಯ ದೋಸೆಗೆ ಸಮನಾದದ್ದು ಇಲ್ಲ. ಸಂಜೆಯೇ ಬೇಕೆಂದರೆ ಏಳಕ್ಕಿಂತ ಮೊದಲು ಮುಗಿಸಿ. ಆಗ ಒಬ್ಬರಿಗೆ ಒಂದರಂತೆ ತಿನ್ನಿ, ಎರಡನೆಯದಕ್ಕೆ ಆಸೆಪಟ್ಟರೆ ರಾತ್ರಿಯ ಊಟ ಕೆಡುತ್ತದೆ. ಆಲೂಗಡ್ಡೆಯ ಪಲ್ಯ ಮತ್ತು ಕೊಬ್ಬರಿ ಚಟ್ನಿಯ ಜೊತೆ ಬರುವ ಮಾಮೂಲಿ ಬೆಣ್ಣೆದೋಸೆಯಲ್ಲದೆ ಓಪನ್ ದೋಸೆಯೂ, ಬೆಣ್ಣೆ ಖಾಲಿಯೂ ಇವೆ. ಗೊತ್ತಿಲ್ಲದವರು "ಖಾಲಿ" ಎಂದರೆ ಮುಗಿದಿದೆ ಎಂದು ತಿಳಿದು ಎದ್ದು ಹೋದದ್ದೂ ಉಂಟು. ಅದು ಮೆತ್ತನೆಯ, ಜೋಡಿಯಾಗಿ ಕೊಡುವ ದೋಸೆಯ ಹೆಸರು.

ಹಾಗಾದರೆ ಸಂಜೆಯ ತಿಂಡಿ ಯಾವುದು?

ಮಂಡಕ್ಕಿ ಮತ್ತು ಮೆಣಸಿನಕಾಯಿ. ದೋಸೆ ದಾವಣಗೆರೆಯ ಹೆಸರನ್ನು ಹೊರಗೆ ಕೊಂಡೊಯ್ದಿರಬಹುದು, ಊರಿನವರ ಸಂಜೆಯನ್ನು ಕಟ್ಟಿಕೊಡುವುದು ಮಾತ್ರ ಮಂಡಕ್ಕಿಯೇ. ಮಂಡಕ್ಕಿ ಭಟ್ಟಿಗಳ ಒಂದು ಬಡಾವಣೆಯೇ ಈ ಊರಿನಲ್ಲಿದೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪು ಹಚ್ಚಿ, ಕಾದ ಮರಳಿನಲ್ಲಿ ಹುರಿದಾಗ ಅರಳುವ ಈ ಹಗುರ ಪದಾರ್ಥದ ಹಿಂದೆ ಎಷ್ಟು ಭಾರದ ದುಡಿಮೆ ಇದೆ ಎಂಬುದು ಆ ಹೊಗೆಯ ನಡುವೆ ಒಮ್ಮೆ ನಿಂತವರಿಗೆ ಗೊತ್ತು.

ತಿನ್ನುವ ಬಗೆಗಳು ಹಲವು. ಒಗ್ಗರಣೆ ಮಂಡಕ್ಕಿಯನ್ನು ನೀರಿನಲ್ಲಿ ತೋಯಿಸಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಹುರಿಗಡಲೆ ಹಿಟ್ಟು ಬೆರೆಸಿ ಮಾಡುತ್ತಾರೆ. ಖಾರಾ ಮಂಡಕ್ಕಿ ಒಣದು. ನರ್ಗೀಸ್ ಮಂಡಕ್ಕಿ ಇನ್ನೂ ಗರಿಗರಿ, ಮೇಲೆ ಹಸಿ ಈರುಳ್ಳಿ ಟೊಮೆಟೊ ಬೀಳುತ್ತದೆ. ಆ ಹೆಸರು ಹೇಗೆ ಬಂತು ಎಂಬುದರ ಮೇಲೆ ಅರ್ಧ ಗಂಟೆ ವಾದ ನಡೆಯುತ್ತದೆ, ನಡೆಯಲಿ, ಅದಕ್ಕೇ ತಾನೇ ಸೇರಿರುವುದು. ಧಾರವಾಡದ ಕಡೆಯವರು ಗುಂಪಿನಲ್ಲಿದ್ದರೆ ಗಿರ್ಮಿಟ್ ಹೆಚ್ಚೋ ಒಗ್ಗರಣೆ ಹೆಚ್ಚೋ ಎಂಬ ಇನ್ನೊಂದು ವಾದವೂ ಉಚಿತವಾಗಿ ಸಿಗುತ್ತದೆ. ಯಾವುದನ್ನು ತೆಗೆದುಕೊಂಡರೂ ಪಕ್ಕದಲ್ಲಿ ಎಣ್ಣೆಯಿಂದ ಆಗಷ್ಟೇ ಎತ್ತಿದ ಮೆಣಸಿನಕಾಯಿ ಬಜ್ಜಿ ಇರಲೇಬೇಕು. ಬಜ್ಜಿಯನ್ನು ಬಿಸಿಯಿರುವಾಗಲೇ ಹಂಚಿಕೊಳ್ಳಿ, ಮಂಡಕ್ಕಿಯನ್ನು ನಿಧಾನವಾಗಿ ತಿನ್ನಿ. ದೋಸೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ: ಮಂಡಕ್ಕಿ ಆರುವುದಿಲ್ಲ, ಮಾತಿಗೆ ಎಡೆ ಕೊಡುತ್ತದೆ, ಪೊಟ್ಟಣ ಕೈಯಲ್ಲಿ ಹಿಡಿದು ನಡೆಯಲೂ ಬರುತ್ತದೆ.

ರಾಂ ಅಂಡ್ ಕೋ ವೃತ್ತದ ಸುತ್ತಮುತ್ತ, ಪಿ.ಜೆ. ಬಡಾವಣೆ ಮತ್ತು ಎಂ.ಸಿ.ಸಿ. ಬಡಾವಣೆಯ ಬೀದಿಗಳಲ್ಲಿ ಕತ್ತಲಾಗುತ್ತಿದ್ದಂತೆ ತಳ್ಳುಗಾಡಿಗಳು ದೀಪ ಹಚ್ಚುತ್ತವೆ. ವೈದ್ಯಕೀಯ, ಎಂಜಿನಿಯರಿಂಗ್ ಓದುವ ಮಕ್ಕಳಿಂದ ಆ ಬೀದಿಗಳು ಸದಾ ಗಿಜಿಗುಟ್ಟುತ್ತಿರುತ್ತವೆ. ನಲವತ್ತು ದಾಟಿದ ಗುಂಪಿಗೆ ಅಲ್ಲಿ ಮೊದಲ ಹತ್ತು ನಿಮಿಷ ಸಂಕೋಚವಾಗುತ್ತದೆ, ಆಮೇಲೆ ಯಾರೂ ತಮ್ಮನ್ನು ನೋಡುತ್ತಿಲ್ಲವೆಂಬುದು ಖಾತ್ರಿಯಾಗಿ ಆರಾಮವಾಗುತ್ತದೆ.

ಕೂತು ಮಾತಾಡಲು ಜಾಗ ಎಲ್ಲಿದೆ?

ಇದು ಈ ಊರಿನ ನಿಜವಾದ ಕೊರತೆ. ತಿನ್ನಲು ನೂರು ಜಾಗಗಳಿವೆ, ತಿಂದಾದ ಮೇಲೆ ಎಬ್ಬಿಸದೆ ಬಿಡುವ ಜಾಗಗಳು ಕಡಿಮೆ. ಹೊಸ ಕೆಫೆಗಳು ಬಂದಿವೆ, ಆದರೆ ಅಲ್ಲಿನ ಸಂಗೀತದ ಅಬ್ಬರದಲ್ಲಿ ಎದುರಿಗಿದ್ದವರ ಮಾತು ಕೇಳಿಸುವುದಿಲ್ಲ. ಸಂಗೀತ ತಗ್ಗಿಸಿ ಎಂದು ಕೇಳಿದರೆ ತಗ್ಗಿಸುತ್ತಾರೆ, ಕೇಳಲು ಹಿಂಜರಿಯಬೇಡಿ. ಬಡಾವಣೆಗಳ ಉದ್ಯಾನಗಳಲ್ಲಿ ಬೆಂಚುಗಳಿವೆ. ಕಾವಲುಗಾರ ಸೀಟಿ ಊದುವ ತನಕ ಕೂರಬಹುದು.

ನನ್ನ ಮೆಚ್ಚಿನ ಉಪಾಯ ಬೇರೆ. ಗುಂಪಿನಲ್ಲಿ ಯಾರದಾದರೂ ಮನೆಗೆ ಒಳ್ಳೆಯ ಮಾಳಿಗೆ ಇರುತ್ತದೆ. ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಅಲ್ಲಿಗೆ ಹೋಗಿ ಚಾಪೆ ಹಾಸಿದರೆ ಅದಕ್ಕಿಂತ ದೊಡ್ಡ ಹೋಟೆಲು ಇಲ್ಲ. ಒಂದು ಷರತ್ತು: ಮನೆಯವರಿಗೆ ಅಡುಗೆಯ ಕೆಲಸ ಹಚ್ಚಬಾರದು, ಚಹಾ ಕೂಡ ಫ್ಲಾಸ್ಕಿನಲ್ಲಿ ಹೊರಗಿನಿಂದಲೇ ಬರಬೇಕು. ಹಾಡು ಹಾಕುವುದಿದ್ದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ನಿರ್ಬಂಧವಿದೆ ಎಂಬುದು ನೆನಪಿರಲಿ. ಕಾನೂನು ಇಲ್ಲದಿದ್ದರೂ ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗು ಇದ್ದೇ ಇರುತ್ತದೆ.

ರಾತ್ರಿಯ ಊಟಕ್ಕೆ ಏನು ಗೊತ್ತುಮಾಡಬೇಕು?

ರೊಟ್ಟಿಯ ಸೀಮೆಯೂ ಮುದ್ದೆಯ ಸೀಮೆಯೂ ಕೂಡುವ ಊರು ಇದು. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಬಡಿಸುವ ಖಾನಾವಳಿಗಳು ಇಲ್ಲಿವೆ; ಚಿತ್ರದುರ್ಗದ ಕಡೆಯಿಂದ ಬಂದವರಿಗೆ ಬೇಕಾದ ಮುದ್ದೆ, ಸಾರು ಕೂಡ ಸಿಗುತ್ತದೆ. ಸಂಜೆ ಎಣ್ಣೆಯ ಪದಾರ್ಥ ತಿಂದ ಹೊಟ್ಟೆಗೆ ರೊಟ್ಟಿಯ ಊಟ ಹಿತವೆಂಬುದು ನನ್ನ ಅನುಭವ. ಖಾನಾವಳಿಗೆ ಹೋಗುವುದಾದರೆ ಮಧ್ಯಾಹ್ನವೇ ಫೋನ್ ಮಾಡಿ ಜನರ ಲೆಕ್ಕ ಹೇಳಿಬಿಡಿ. ಬಿಸಿರೊಟ್ಟಿ ಬಡಿಯುವವರು ಒಬ್ಬರೋ ಇಬ್ಬರೋ ಇರುತ್ತಾರೆ, ಎಂಟು ಜನ ಒಮ್ಮೆಲೇ ಬಂದು ಕೂತರೆ ಅವರಿಗೂ ಕಷ್ಟ, ನಿಮಗೂ ಕಾಯುವ ಕಷ್ಟ.

ಮಾಂಸದೂಟ ಗೊತ್ತುಮಾಡುವ ಮೊದಲು ವಾರ ನೋಡಿ. ಸೋಮವಾರ, ಶನಿವಾರ, ಶ್ರಾವಣ ಮಾಸ ಎಂದು ಹಲವರಿಗೆ ನೇಮವಿರುತ್ತದೆ, ಕೆಲವರು ಎಂದೂ ತಿನ್ನದವರು. "ಅವನಿಗೆ ಮೊಸರನ್ನ ಹೇಳಿದರಾಯಿತು" ಎಂಬ ಉದಾರತೆ ಕೇಳಲು ಚೆನ್ನ, ಆದರೆ ಆ ಮೊಸರನ್ನ ತಿಂದವನು ಮುಂದಿನ ಸಲ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾನೆ. ಎರಡೂ ಬಗೆಯ ಅಡುಗೆ ಇರುವಲ್ಲಿಗೆ ಹೋಗಿ, ಅಥವಾ ಎಲ್ಲರೂ ರೊಟ್ಟಿ ತಿನ್ನಿ. ರಂಜಾನ್ ತಿಂಗಳಿನಲ್ಲಿ ಉಪವಾಸವಿರುವ ಗೆಳೆಯರಿದ್ದರೆ ಸೇರುವ ವೇಳೆಯನ್ನು ಇಫ್ತಾರ್ ಮತ್ತು ನಮಾಜಿನ ನಂತರಕ್ಕೆ ಇಟ್ಟುಕೊಳ್ಳಿ. ಆ ತಿಂಗಳು ಹಳೇ ಊರಿನ ಕೆಲವು ಬೀದಿಗಳು ಜೀವ ತುಂಬಿಕೊಳ್ಳುವುದೇ ಆ ಹೊತ್ತಿಗೆ.

ಊರಿನೊಳಗೆ ಓಡಾಡುವುದು ಹೇಗೆ?

ಒಂದು ಬದಿಯಲ್ಲಿಯೇ ಇರುವಂತೆ ಜಾಗಗಳನ್ನು ಆರಿಸಿಕೊಳ್ಳಿ. ಮಂಡಿಪೇಟೆ, ಚೌಕಿಪೇಟೆಗಳಿರುವ ಹಳೇ ಊರಿಗೂ ಪಿ.ಜೆ. ಬಡಾವಣೆ, ವಿದ್ಯಾನಗರಗಳಿರುವ ಹೊಸ ಊರಿಗೂ ನಡುವೆ ರೈಲು ಹಳಿ ಹಾದುಹೋಗಿದೆ. ಸಂಜೆ ಅಂಗಡಿ ಬೀದಿಯ ದಟ್ಟಣೆಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ದಾಟುವುದೇ ಒಂದು ಕೆಲಸವಾಗುತ್ತದೆ. ನಕಾಶೆಯಲ್ಲಿ ಒಂದೂವರೆ ಕಿಲೋಮೀಟರ್ ತೋರಿಸಿದರೂ ಅದನ್ನು ನಂಬಬೇಡಿ.

ಸ್ವಂತ ಬೈಕು, ಕಾರು ಇದ್ದವರು ಮೊದಲು ಸೇರುವ ಜಾಗದಲ್ಲಿ ನಿಲ್ಲಿಸಿ, ಅಲ್ಲಿಂದ ನಡೆದು ಅಥವಾ ಆಟೊದಲ್ಲಿ ಹೋಗುವುದು ಒಳ್ಳೆಯದು. ಆರು ಜನ ಆರು ಬೈಕಿನಲ್ಲಿ ಹೊರಟರೆ ಪ್ರತಿ ವೃತ್ತದಲ್ಲೂ ಒಬ್ಬರು ಕಾಣೆಯಾಗುತ್ತಾರೆ. ಆಟೊದವರೊಡನೆ ಹತ್ತುವ ಮೊದಲೇ ದರ ಮಾತಾಡಿ, ರಾತ್ರಿಯಾದಂತೆ ದರವೂ ಬದಲಾಗುತ್ತದೆ.

ಕುಡಿಯುವ ಗೆಳೆಯರಿದ್ದರೆ?

ಇದ್ದರೆ ಇರಲಿ, ಆದರೆ ವಿಷಯವನ್ನು ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಅರ್ಧ ಜನ ಬಾರಿಗೆ, ಅರ್ಧ ಜನ ಖಾನಾವಳಿಗೆ ಎಂದು ರಸ್ತೆಯಲ್ಲಿ ನಿಂತು ಒಡೆದುಹೋದ ಸಂಜೆಗಳನ್ನು ನೋಡಿದ್ದೇನೆ. ಕುಡಿದವರು ಗಾಡಿ ಮುಟ್ಟಬಾರದು. ಮೋಟಾರು ವಾಹನ ಕಾಯ್ದೆಯಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಾಂಶ ಮೀರಿದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಊರು ಚಿಕ್ಕದು, ಮನೆ ಹತ್ತಿರ ಎಂಬ ಧೈರ್ಯಕ್ಕೆ ಹೆದ್ದಾರಿಯ ಲಾರಿಗಳು ಬೆಲೆ ಕೊಡುವುದಿಲ್ಲ.

ಹೆಣ್ಣುಮಕ್ಕಳದೇ ಗುಂಪಾದರೆ ಏನನ್ನು ಗಮನಿಸಬೇಕು?

ನನ್ನ ತಂಗಿ ಮತ್ತವಳ ಸಹೋದ್ಯೋಗಿಗಳು ತಿಂಗಳಿಗೊಮ್ಮೆ ಹೀಗೆ ಸೇರುತ್ತಾರೆ. ಈ ಉತ್ತರ ಅವರದು. ಕೆರೆಯ ಏರಿಯನ್ನು ಬೆಳಕಿರುವಾಗಲೇ ಬಿಡುತ್ತಾರೆ. ಜನವಿರುವ ಬೀದಿಯಲ್ಲಿಯೇ ತಿನ್ನುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಶುಚಿಯಾದ ಶೌಚಾಲಯವಿರುವ ಹೋಟೆಲನ್ನು ಆರಂಭದಲ್ಲಿಯೋ ನಡುವೆಯೋ ಸೇರಿಸಿಕೊಳ್ಳುತ್ತಾರೆ. ಗಂಡಸರ ಯೋಜನೆಗಳಲ್ಲಿ ಈ ಅಂಶ ಎಂದೂ ಬರುವುದಿಲ್ಲ ಎಂದು ಅವಳ ಆಕ್ಷೇಪ, ಅದು ನಿಜ. ಹರಿಹರ, ಚಿತ್ರದುರ್ಗಗಳಿಂದ ಬರುವವರಿಗೆ ಶಕ್ತಿ ಯೋಜನೆ ಅನುಕೂಲವಾಗಿದೆ: 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಮತ್ತು ವೇಗದೂತ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ, ಗುರುತಿನ ಚೀಟಿ ಜೊತೆಗಿರಬೇಕು. ತುರ್ತು ಕರೆಗೆ 112 ಸಂಖ್ಯೆ. ಎಲ್ಲರೂ ಮನೆ ಮುಟ್ಟಿದ ಸುದ್ದಿ ಬರುವವರೆಗೆ ಅವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೂ ಮಲಗುವುದಿಲ್ಲವಂತೆ.

ಖರ್ಚನ್ನು ಹಂಚಿಕೊಳ್ಳುವುದು ಹೇಗೆ?

ಒಬ್ಬರು ಎಲ್ಲ ಕಡೆಯೂ ಕೊಡುತ್ತ ಹೋಗಲಿ, ಕೊನೆಗೆ ತಲೆಲೆಕ್ಕದಲ್ಲಿ ಉಳಿದವರು ಯುಪಿಐ ಮೂಲಕ ಅಲ್ಲಿಯೇ ಕಳಿಸಲಿ. "ನಾಳೆ ಕಳಿಸುತ್ತೇನೆ" ಎಂಬುದನ್ನು ಒಪ್ಪಬೇಡಿ, ಕೇಳುವವನಿಗೆ ನಾಚಿಕೆ, ಕೊಡುವವನಿಗೆ ಮರೆವು. ಮಂಡಕ್ಕಿಯ ಅಂಗಡಿಯಲ್ಲಿ ಹಣ ಕೊಡಲು ನಾಲ್ಕು ಜನ ಒಬ್ಬರ ಕೈ ಒಬ್ಬರು ಹಿಡಿದು ಎಳೆದಾಡುವುದು ನಮ್ಮಲ್ಲಿ ಹಳೆಯ ಸಂಪ್ರದಾಯ; ಅದು ನೋಡಲು ಚೆಂದ, ಆದರೆ ದೊಡ್ಡ ಹೋಟೆಲಿನ ಬಿಲ್ಲು ಬಂದಾಗ ಅದೇ ಕೈಗಳು ಫೋನ್ ನೋಡುತ್ತಿರುತ್ತವೆ. ಕುಡಿಯದವರ ಮೇಲೆ ಕುಡಿತದ ಖರ್ಚು ಹಾಕಬೇಡಿ.

ಬಿಲ್ಲನ್ನು ಒಮ್ಮೆ ಓದುವುದೂ ಒಳ್ಳೆಯದು. ತಾನಾಗಿಯೇ ಸೇವಾ ಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೋಟೆಲುಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಜಿಎಸ್‌ಟಿ ಬೇರೆ, ಸೇವಾ ಶುಲ್ಕ ಬೇರೆ. ಬಡಿಸಿದವರಿಗೆ ಭಕ್ಷೀಸು ಕೊಡಬೇಕೆನಿಸಿದರೆ ಅವರ ಕೈಗೇ ಕೊಡಿ.

ನಾಟಕ ಅಥವಾ ಸಿನಿಮಾ ಸೇರಿಸಿಕೊಳ್ಳಬಹುದೇ?

ಸಿನಿಮಾ ಸೇರಿಸಿದರೆ ಮೂರು ಗಂಟೆ ಮೌನವಾಗಿ ಕತ್ತಲಲ್ಲಿ ಕಳೆದಂತೆ. ವರ್ಷಕ್ಕೊಮ್ಮೆ ಸಿಗುವವರಿಗೆ ಅದು ನಷ್ಟ, ವಾರಕ್ಕೊಮ್ಮೆ ಸಿಗುವವರಿಗೆ ಪರವಾಗಿಲ್ಲ. ನಾಟಕದ ಮಾತು ಬೇರೆ. ವೃತ್ತಿ ರಂಗಭೂಮಿಗೆ ದಾವಣಗೆರೆ ತವರಿನಂಥ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು ಕೇಳದ ಹಿರಿಯರು ಇಲ್ಲಿಲ್ಲ, ವೃತ್ತಿ ರಂಗಭೂಮಿಗೆಂದೇ ಒಂದು ರಂಗಾಯಣವೂ ಇಲ್ಲಿದೆ. ಊರಿನಲ್ಲಿ ಕಂಪನಿ ನಾಟಕದ ಮೊಕ್ಕಾಂ ಇದ್ದರೆ ಮಿಕ್ಕ ಯೋಜನೆಯನ್ನೆಲ್ಲ ಬಿಟ್ಟು ಅದಕ್ಕೆ ಹೋಗಿ. ಕಂಪನಿ ನಾಟಕದಲ್ಲಿ ಪ್ರೇಕ್ಷಕ ಸುಮ್ಮನಿರಬೇಕಿಲ್ಲ, ಸೀಟಿ ಹೊಡೆಯಬಹುದು, ಹಾಡಿಗೆ ಒನ್ಸ್‌ಮೋರ್ ಕೂಗಬಹುದು, ಪಕ್ಕದವನೊಡನೆ ಮಾತಾಡಲೂಬಹುದು. ಹೊರಬಂದ ಮೇಲೆ ಹಾಸ್ಯ ಪಾತ್ರದವನ ಮಾತುಗಳು ಗುಂಪಿನಲ್ಲಿ ತಿಂಗಳುಗಟ್ಟಲೆ ಓಡಾಡುತ್ತವೆ.

ಊರಿನ ಹೊರಗೆ, ಹರಿಹರಕ್ಕೋ ಚಿತ್ರದುರ್ಗಕ್ಕೋ ಹೋಗಿ ಬರಬಹುದೇ?

ಹರಿಹರಕ್ಕೆ ಹೋಗಬಹುದು. ಸುಮಾರು 14 ಕಿಲೋಮೀಟರ್ ದೂರ, ಅರ್ಧ ಗಂಟೆಯ ದಾರಿ. 13ನೆಯ ಶತಮಾನದಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ ಹರಿಹರೇಶ್ವರ ದೇವಾಲಯದ ಕಂಬಗಳ ನಡುವೆ ಸಂಜೆ ಕೂತರೆ ಕಲ್ಲು ತಣ್ಣಗಾಗುವುದು ಬೆನ್ನಿಗೆ ತಿಳಿಯುತ್ತದೆ. ಶಿವನೂ ವಿಷ್ಣುವೂ ಒಂದೇ ಮೂರ್ತಿಯಲ್ಲಿರುವ ಗುಡಿ ಅದು. ಹತ್ತಿರದಲ್ಲಿಯೇ ತುಂಗಭದ್ರೆ. ಹೊಳೆಯ ದಂಡೆಗೆ ಮಳೆಗಾಲದಲ್ಲಿ ಇಳಿಯಬೇಡಿ.

ಚಿತ್ರದುರ್ಗದ ಮಾತು ಹಾಗಲ್ಲ. ಸುಮಾರು 60 ಕಿಲೋಮೀಟರ್ ಹೆದ್ದಾರಿ, ಒಂದು ಗಂಟೆಯಲ್ಲಿ ಮುಟ್ಟಬಹುದಾದರೂ, ಕತ್ತಲಾಗುವ ಹೊತ್ತಿಗೆ ಕೋಟೆಯಿಂದ ಎಲ್ಲರನ್ನೂ ಕೆಳಗಿಳಿಸುತ್ತಾರೆ. ಏಳು ಸುತ್ತಿನ ಕೋಟೆಯನ್ನು ಸಂಜೆ ಐದಕ್ಕೆ ಮುಟ್ಟಿ, ಓಬವ್ವನ ಕಿಂಡಿ ಎಲ್ಲಿ ಎಂದು ಓಡುತ್ತ ಕೇಳುವುದು ನಿರಾಳವಲ್ಲ. ಅದಕ್ಕೆ ಮಧ್ಯಾಹ್ನ ಮೂರಕ್ಕೆ ಮುಂಚೆ ಕೋಟೆಯ ಬಾಗಿಲಲ್ಲಿರಬೇಕು, ಅಥವಾ ಬೇರೆಯ ದಿನವನ್ನೇ ಇಟ್ಟುಕೊಳ್ಳಬೇಕು.

ಯಾವ ದಿನಗಳನ್ನು ತಪ್ಪಿಸಬೇಕು?

ದೊಡ್ಡ ಗಣಪತಿಗಳ ವಿಸರ್ಜನೆಯ ಮೆರವಣಿಗೆಯ ದಿನ ಮುಖ್ಯ ರಸ್ತೆಗಳಲ್ಲಿ ಹೆಜ್ಜೆ ಇಡಲು ಆಗುವುದಿಲ್ಲ. ಮೆರವಣಿಗೆಯೇ ಬೇಕಾದವರಿಗೆ ಅಡ್ಡಿಯಿಲ್ಲ. ಮದುವೆಯ ಮುಹೂರ್ತಗಳು ಹೆಚ್ಚಿರುವ ವಾರಾಂತ್ಯಗಳಲ್ಲಿ ಅರ್ಧ ಗೆಳೆಯರು ಆರತಕ್ಷತೆಯ ಸಾಲಿನಲ್ಲಿ ನಿಂತಿರುತ್ತಾರೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ದಿನಗಳಲ್ಲಿ ಹೊರಗೆ ಊಟದ ಯೋಜನೆ ಮಾಡುವುದು ವ್ಯರ್ಥ, ಏಕೆಂದರೆ ಹಳೇ ಊರಿನಲ್ಲಿ ಒಬ್ಬ ಗೆಳೆಯನಿದ್ದರೂ ಸಾಕು, ಊಟಕ್ಕೆ ಕರೆ ಬಂದೇ ಬರುತ್ತದೆ. ಮಂಗಳವಾರ, ಬುಧವಾರಗಳ ಸಂಜೆ ನಮ್ಮ ಗುಂಪಿಗೆ ಅತ್ಯಂತ ಹಿತವಾಗಿ ಕಂಡಿದೆ.

ಮಳೆ ಬಂದರೆ?

ಮುಂಗಾರಿನ ಮಳೆ ಇಲ್ಲಿ ಮಲೆನಾಡಿನಂತೆ ದಿನವಿಡೀ ಜಡಿಯುವುದಿಲ್ಲ; ಜಿನುಗಿ ಹೋಗುತ್ತದೆ. ತೊಂದರೆ ಕೊಡುವುದು ಏಪ್ರಿಲ್, ಮೇ ತಿಂಗಳ ಗುಡುಗು ಮಳೆ. ಮಧ್ಯಾಹ್ನ ಕುದಿದು, ಸಂಜೆ ಐದರ ಹೊತ್ತಿಗೆ ಧೂಳೆಬ್ಬಿಸಿ ಬಂದು, ಒಂದು ಗಂಟೆಯಲ್ಲಿ ರಸ್ತೆಗಳನ್ನು ಹಳ್ಳ ಮಾಡಿ, ಕರೆಂಟು ತೆಗೆದುಕೊಂಡು ಹೋಗುತ್ತದೆ. ಆ ತಿಂಗಳುಗಳಲ್ಲಿ ಕೆರೆಯ ಬದಲು ಮಾಳಿಗೆಯ ಮನೆಯನ್ನೇ ಸೇರುವ ಜಾಗ ಮಾಡಿ, ಮಳೆ ಬಂದರೆ ಒಳಗಿನ ಹಜಾರವಿದೆ. ಮಳೆ ನಿಂತ ಕೂಡಲೇ ಹೊರಬಿದ್ದರೆ ಬಜ್ಜಿಯ ಬಾಣಲೆಗಳ ಮುಂದೆ ಊರೇ ಇರುತ್ತದೆ.

ಅದೇ ರಾತ್ರಿ ಬೆಂಗಳೂರಿಗೆ ಮರಳುವ ಗೆಳೆಯರಿಗೆ ಹೇಗೆ ಹೊಂದಿಸುವುದು?

ಇದು ಸುಲಭ. ಬೆಂಗಳೂರಿಗೆ ಸುಮಾರು 265 ಕಿಲೋಮೀಟರ್. ರಾತ್ರಿ ಬಸ್ಸು, ರೈಲುಗಳು ಊಟವಾದ ಮೇಲೆ ಹಿಡಿಯುವಂತೆಯೇ ಇರುತ್ತವೆ. ಟಿಕೆಟ್ ಮೊದಲೇ ಕಾದಿರಿಸಿ, ಊಟದ ಜಾಗವನ್ನು ನಿಲ್ದಾಣದ ಸಮೀಪ ಇಟ್ಟುಕೊಳ್ಳಿ, ಚೀಲಗಳನ್ನು ಕೆರೆಗೆ ಹೊತ್ತು ತರದೆ ಯಾರದಾದರೂ ಮನೆಯಲ್ಲಿ ಇಡಿ. ಹೊರಡುವ ಮುನ್ನ ಅರ್ಧ ಗಂಟೆ ಕೈಯಲ್ಲಿರಲಿ. ರೈಲು ತಡವಾಗಿ ಬಂದರೆ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಬೈಟು ಚಹಾ ಕುಡಿಯಲು ಆ ಹೊತ್ತು ಸಿಗುತ್ತದೆ. ಸಂಜೆಯೆಲ್ಲ ಸುಮ್ಮನಿದ್ದವನು ಬಾಯಿ ಬಿಡುವುದು ಸಾಮಾನ್ಯವಾಗಿ ಆಗಲೇ. ಪೊಟ್ಟಣದಲ್ಲಿ ಉಳಿದ ಖಾರಾ ಮಂಡಕ್ಕಿಯನ್ನು ಅವರ ಚೀಲಕ್ಕೆ ಹಾಕಿ ಕಳಿಸಿ, ಬೆಳಗಿನವರೆಗೂ ಕೆಡುವುದಿಲ್ಲ.